ತಗ್ಗಿಲ್ಲದ ಹಾಡುಗಳು

ಜನವರಿ 9

ಚೂಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಾನು ಕ್ಷೇಮಕ್ಕಿಂತ ಒಂದು ಕೈ ಮೇಲೆ. ನಮ್ಮ ಮರದ ಮಿಲ್ಲಿನ ಅಂಗಳದಲ್ಲಿ ಈಗ ಕಂಬಕ್ಕೊಂದು ಸ್ಪೀಕರ್ ಬಂದಿದೆ. ಹಾಡು ಕೇಳಿಸಿದರೆ ಜನರ ಕೈ ಚುರುಕಾಗುತ್ತದೆ ಅಂತ ಹೊಸ ಮ್ಯಾನೇಜರ್ ಎಲ್ಲೋ ಓದಿಕೊಂಡು ಬಂದಿದ್ದಾರೆ. ಹಾಡು ಹಾಕುವ ಪೆಟ್ಟಿಗೆಯನ್ನು ಯಾರ ಕೈಗೆ ಕೊಟ್ಟರು ಹೇಳು? ನನ್ನ ಕೈಗೇ. ನಿಮ್ಮಮ್ಮನಿಗೆ ಓದಿ ಹೇಳು. ಅಕ್ಕ ನಂಬುವುದಿಲ್ಲ, ಆದರೂ ಹೇಳು.

ನನ್ನ ಕೆಲಸ ನೀನು ನೋಡಿಲ್ಲ, ಅದಕ್ಕೆ ಬರೆಯುತ್ತೇನೆ. ಲಾರಿಯಿಂದ ದಿಮ್ಮಿಗಳನ್ನು ಕ್ರೇನ್ ಎತ್ತಿ, ಕೆಳಗೆ ಕೆಲಸ ಮಾಡುವವರ ತಲೆಯ ಮೇಲಿಂದಲೇ ಗರಗಸದ ಕಡೆ ಒಯ್ಯುತ್ತದೆ. ಕ್ರೇನ್ ನಡೆಸುವವನಿಗೆ ನಾವು ಹದ್ದು ಅನ್ನುತ್ತೇವೆ. ಹೆಸರು ಹದ್ದು, ಆದರೆ ತನ್ನ ಕಾಲ ಕೆಳಗಿನದು ಅವನಿಗೆ ಕಾಣಿಸುವುದಿಲ್ಲ. ಕಾಣಿಸುವುದು ಎತ್ತರದ ಗಾಜಿನ ಗೂಡಿನಲ್ಲಿ ಕೂತ ನನಗೆ. ನಾನು ಮೈಕಿನಲ್ಲಿ "ತಲೆ ಮೇಲೆ" ಅಂದರೆ ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ಹಳದಿ ಗೆರೆಯ ಆಚೆ ಸರಿಯಬೇಕು. ಆಮೇಲೆ ಹದ್ದು ತಿರುಗಿಸುತ್ತಾನೆ. ದಿಮ್ಮಿಗಳ ಕೊನೆಗೆ ನಂಬರ್ ಸುತ್ತಿಗೆ ಹೊಡೆಯುವ ನಿನ್ನ ಅತ್ತೆ ಕೂಡ ಆ ಜನರಲ್ಲಿ ಒಬ್ಬಳು. ಮನೆಯಲ್ಲಿ ನನ್ನ ಮಾತು ಕೇಳದವಳು ಅಂಗಳದಲ್ಲಿ ನನ್ನ ಒಂದು ಮಾತಿಗೆ ಪಕ್ಕಕ್ಕೆ ಸರಿಯುತ್ತಾಳೆ. ಇದಕ್ಕಿಂತ ದೊಡ್ಡ ಹುದ್ದೆ ಯಾವುದಿದೆ?

ನಾನು ಗಂಟಲು ಹರಿದುಕೊಳ್ಳುವವನಲ್ಲ. ಹಾಡಿನಲ್ಲಿ ವಾದ್ಯಗಳೆಲ್ಲ ತಗ್ಗಿ, ಹಾಡುವವಳು ಉಸಿರು ಎಳೆದುಕೊಳ್ಳುವ ಒಂದು ಜಾಗ ಬರುತ್ತದಲ್ಲ, ಅಲ್ಲಿ ಮೆತ್ತಗೆ ಇಡುತ್ತೇನೆ, "ತಲೆ ಮೇಲೆ." ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಈ ವಿದ್ಯೆ ಯಾರು ಕಲಿಸಿದರೋ.

ಆದರೆ ಒಂದು ತೊಡಕು. ಹಾಡು ತಗ್ಗಿದಾಗ ಗರಗಸದ ಸದ್ದು ಅದನ್ನು ನುಂಗಿಬಿಡುತ್ತದೆ. "ಹಾಡು ಸತ್ತೇಹೋಯ್ತಲ್ಲ ಯಜಮಾನ್ರೇ" ಅಂತ ಜನ ಗೊಣಗುತ್ತಾರೆ. ಹೊಸ ಹಾಡುಗಳಿಗೆ ಈ ರೋಗ ಇಲ್ಲ, ಮೊದಲಿಂದ ಕೊನೆವರೆಗೂ ಒಂದೇ ಜೋರು. ಆದರೆ ಅವನ್ನು ಕೇಳಿದರೆ ನನಗೆ ಹಲ್ಲುನೋವು ಬರುತ್ತದೆ. ನೀನು ಸ್ಟುಡಿಯೋದಲ್ಲಿ ಕೂತು, ಹಾಡು ಅಂಗಡಿಗೆ ಹೋಗುವ ಮುಂಚೆ ಅದಕ್ಕೆ ಕೊನೆಯ ಇಸ್ತ್ರಿ ಹಾಕುವವಳು. ನನ್ನ ಹಳೆಯ ಹಾಡುಗಳ ಕ್ಯಾಸೆಟ್ ಕಳಿಸಿದ್ದೇನೆ, ತಗ್ಗಿದ ಜಾಗಗಳನ್ನೆಲ್ಲ ಎತ್ತಿಕೊಡು. ಜೊತೆಗೆ ಅಂಗಳದಲ್ಲಿ ನನ್ನ ಕೂಗನ್ನು ನಾನೇ ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್ಟೂ ಇದೆ. ಬೇಜಾರಾದಾಗ ಕೇಳು, ಬುದ್ಧಿ ಬರುತ್ತದೆ.

ಇತಿ, ನಿನ್ನ ಮಾವ

*

ಜನವರಿ 24

ಪ್ರೀತಿಯ ಮಾವ,

ನಿನ್ನ ಕೂಗು ಕೇಳಿದೆ. ಬುದ್ಧಿ ಬರಲಿಲ್ಲ, ನಗು ಬಂತು. ಕೂಗಿದ ತಕ್ಷಣ ಹಿಂದೆ ಟಣ್ ಟಣ್ ಅನ್ನುತ್ತಿದ್ದದ್ದು ಗಪ್ ಅಂತ ನಿಲ್ಲುತ್ತದೆ. ಅದು ಅತ್ತೆಯ ಸುತ್ತಿಗೆ ತಾನೇ? ಅಮ್ಮನಿಗೂ ಕೇಳಿಸಿದೆ. "ನನ್ನ ತಮ್ಮ ಹೆಂಡತಿಯನ್ನು ಸುಮ್ಮನಿರಿಸಿದ ಒಂದೇ ಜಾಗ ಅದು" ಅಂದಳು.

ನೀನು ಹೇಳಿದ ಇಸ್ತ್ರಿಯೇ ಈಗ ಎಲ್ಲರಿಗೂ ಬೇಕು. ಬೆಟ್ಟ ಕಡಿದು ಹಳ್ಳ ತುಂಬುವ ಕೆಲಸ ಅಂದುಕೋ. ಹಾಡಿನ ಎತ್ತರದ ಸದ್ದನ್ನು ಒತ್ತಿ ಹಿಡಿದು, ಉಳಿದದ್ದನ್ನೆಲ್ಲ ಅದರ ಮಟ್ಟಕ್ಕೆ ಎತ್ತುವುದು. ಹಾಗೆ ಮಾಡಿದ ಹಾಡು ರಸ್ತೆಯಲ್ಲೂ ಕೇಳಿಸುತ್ತದೆ, ಕಾರಿನಲ್ಲೂ ಕೇಳಿಸುತ್ತದೆ. ನಮ್ಮ ಮಾಲೀಕರು ನನ್ನ ಕುರ್ಚಿಯ ಹಿಂದೆಯೇ ನಿಂತಿರುತ್ತಾರೆ.

"ಪಕ್ಕದ ಸ್ಟುಡಿಯೋದವರದ್ದು ನಮಗಿಂತ ಜೋರಾಗಿದೆ. ಇನ್ನೊಂಚೂರು ಒತ್ತು."

"ಒತ್ತಿದೀನಿ ಸರ್. ಇನ್ನೂ ಒತ್ತಿದರೆ ರಸ ಬರಲ್ಲ, ಸಿಪ್ಪೆ ಬರುತ್ತೆ."

"ಜನ ಸಿಪ್ಪೇನೇ ಕೇಳ್ತಿದಾರಮ್ಮ, ನಿಂಗೇನು ಕಷ್ಟ?"

ಇಲ್ಲಿ ಇಬ್ಬರನ್ನು ಕೆಲಸದಿಂದ ತೆಗೆದಿದ್ದಾರೆ. ಅದಕ್ಕೆ ನಾನು ಹೆಚ್ಚು ಮಾತಾಡುವುದಿಲ್ಲ. ನಿನ್ನ ಹಾಡುಗಳನ್ನು ಮಾತ್ರ ಪ್ರೀತಿಯಿಂದ ಒಂದೊಂದನ್ನೇ ಕೂತು ಮಾಡಿದ್ದೇನೆ. ಸಿಡಿ ಕಳಿಸುತ್ತಿದ್ದೇನೆ. ಇನ್ನು ಗರಗಸ ನುಂಗುವುದಕ್ಕೆ ಒಂದು ತಗ್ಗೂ ಸಿಗುವುದಿಲ್ಲ.

ನಿನ್ನ ಚೂಟಿ

*

ಫೆಬ್ರವರಿ 12

ಚೂಟಿಗೆ ಆಶೀರ್ವಾದ. ಇನ್ನು ಮೇಲೆ ನಿನಗೆ ದಿನಕ್ಕೆರಡು ಸಲ.

ನಿನ್ನ ಸಿಡಿ ಹಾಕಿದ ದಿನ ಅಂಗಳದ ಮರಗಳು ಚಿಗುರೊಡೆಯುವುದೊಂದು ಬಾಕಿ. ಹಾಡು ಮೂಲೆಮೂಲೆಗೂ ಒಂದೇ ಸಮ ಬಂತು. ಮ್ಯಾನೇಜರ್ ಮೇಲೆ ಹತ್ತಿ ಬಂದು ಬೆನ್ನು ತಟ್ಟಿದರು. ತಟ್ಟಿದ ಜಾಗ ನಿನ್ನ ಅತ್ತೆಗೆ ತೋರಿಸಿದೆ. "ಧೂಳಾಗಿದೆ, ಒಗೆಯೋಕೆ ಹಾಕಿ" ಅಂದಳು. ಅವಳಿಗೆ ಹೊಟ್ಟೆಕಿಚ್ಚು.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನಿನ್ನ ಮಾವ ತುಂಬಿದ್ದೂ ಹೌದು, ತುಳುಕುವುದೂ ಹೌದು.

ಒಂದು ತಮಾಷೆ ನಡೆಯಿತು. ದಿಮ್ಮಿ ಜೋಡಿಸುವ ಬೊಕ್ಕತಲೆಯವನು ಹಾಡಿಗೆ ಸೊಂಟ ಕುಣಿಸುತ್ತ ಗೆರೆಯ ಒಳಗೇ ನಿಂತುಬಿಟ್ಟಿದ್ದ. ಸರಪಳಿಯ ತುದಿ ಅವನ ಟೋಪಿ ಎತ್ತಿಕೊಂಡು ಹೋಯಿತು. ತಲೆ ಹಾಗೇ ಇತ್ತು, ಟೋಪಿ ಗರಗಸದ ಹತ್ತಿರ ಬಿತ್ತು. ಎಲ್ಲರೂ ನಕ್ಕದ್ದೇ ನಕ್ಕದ್ದು. "ಕೂಗಿದ್ದು ಕೇಳಿಸ್ಲಿಲ್ವೇನೋ ಬೊಕ್ಕ?" ಅಂದರೆ "ಕೂಗಿದ್ರಾ?" ಅಂತ ನನ್ನನ್ನೇ ಕೇಳುತ್ತಾನೆ. ಕುಣಿಯುವವನಿಗೆ ಕಿವಿ ಎಲ್ಲಿರುತ್ತದೆ?

ನಿನ್ನ ಹಾಡು ಅಂಗಳದಲ್ಲಿ ಹೇಗೆ ಮೆರೆಯುತ್ತಿದೆ ಎಂದು ನೀನೂ ಕೇಳಬೇಕಲ್ಲ, ಅದಕ್ಕೆ ಮತ್ತೊಂದು ಕ್ಯಾಸೆಟ್ ತುಂಬಿಸಿ ಕಳಿಸಿದ್ದೇನೆ. ಮಾಲೀಕರಿಗೂ ಕೇಳಿಸು, ಸಂಬಳ ಏರಿಸಲಿ.

ಇತಿ, ನಿನ್ನ ಮಾವ

*

ಫೆಬ್ರವರಿ 27

ಮಾವ,

ಈ ಪತ್ರ ಓದಿದ ಕೂಡಲೇ ಹಾಡು ನಿಲ್ಲಿಸು. ಮಿಕ್ಕದ್ದನ್ನು ಆಮೇಲೆ ಓದು.

ನಿನ್ನ ಎರಡು ಕ್ಯಾಸೆಟ್‌ಗಳನ್ನೂ ಸ್ಟುಡಿಯೋದ ದೊಡ್ಡ ಸ್ಪೀಕರ್‌ನಲ್ಲಿ ಒಂದಾದಮೇಲೆ ಒಂದು ಕೇಳಿದೆ. ಹಳೆಯದರಲ್ಲಿ ಹಾಡು ತಗ್ಗುತ್ತದೆ, ನೀನು ಕೂಗುತ್ತೀಯ, ಅತ್ತೆಯ ಸುತ್ತಿಗೆ ನಿಲ್ಲುತ್ತದೆ, ಚಪ್ಪಲಿಗಳ ಸದ್ದು ಸರಿಯುತ್ತದೆ, ಆಮೇಲೆ ಸರಪಳಿ ಕಿರುಗುಟ್ಟುತ್ತ ಹೋಗುತ್ತದೆ. ಹೊಸದರಲ್ಲಿ ನಿನ್ನ ಕೂಗು ಎಲ್ಲಿದೆ ಎಂದು ನಾನು ಹುಡುಕಬೇಕಾಯಿತು. ಇದೇ ಕೆಲಸ ಮಾಡುವ ನನ್ನ ಕಿವಿಗೆ ಸಿಕ್ಕಿದ್ದು ಮೂರನೆಯ ಸಲ ಕೇಳಿದಾಗ. ಅದು ಹಾಡಿನೊಳಗೆ ಹೂತುಹೋಗಿದೆ.

ಸುತ್ತಿಗೆ ನಿಲ್ಲುವುದೇ ಇಲ್ಲ ಮಾವ. ನೀನು ಕೂಗುತ್ತೀಯ, ಅವಳು ಹೊಡೆಯುತ್ತಲೇ ಇದ್ದಾಳೆ. ಸರಪಳಿ ಬರುತ್ತದೆ, ಅವಳು ಹೊಡೆಯುತ್ತಲೇ ಇದ್ದಾಳೆ. ಸರಪಳಿ ದಾಟಿಹೋಗುತ್ತದೆ, ಅವಳು ಇನ್ನೂ ಹೊಡೆಯುತ್ತಿದ್ದಾಳೆ.

ನೀನು ಕೂಗನ್ನು ಇಡುತ್ತಿದ್ದದ್ದು ಹಾಡಿನ ತಗ್ಗಿನಲ್ಲಿ. ಆ ತಗ್ಗುಗಳನ್ನೇ ನಾನು ತುಂಬಿಬಿಟ್ಟೆ. ಇಡೀ ದಿನ ಎಲ್ಲವೂ ಜೋರಾಗಿದ್ದರೆ ಯಾವುದೂ ಜೋರಲ್ಲ.

ಇವತ್ತು ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ಗುಮಾಸ್ತರು, "ಅವ್ರು ಮೇಲೆ ಗೂಡಲ್ಲಿದಾರಮ್ಮ, ಶಿಫ್ಟ್ ಮುಗಿಯೋವರೆಗೂ ಇಳಿಯಲ್ಲ" ಎಂದರು. ಹಾಡು ನಿಲ್ಲಿಸಲು ಹೇಳಿ, ಅಪಾಯ ಇದೆ ಎಂದೆ. "ಆಯ್ತಮ್ಮ, ಆಯ್ತಮ್ಮ" ಎಂದರು. ಅವರ ಹಿಂದೆ ನಾನು ಮಾಡಿಕೊಟ್ಟ ಹಾಡೇ ಕೇಳಿಸುತ್ತಿತ್ತು.

ಚೂಟಿ

*

ಮಾರ್ಚ್ 3

ಚೂಟಿಗೆ,

ಗುಮಾಸ್ತ ಹೇಳಿದ. ನನ್ನ ಹಾಡುಗಳು ನಿನಗೆ ಇಷ್ಟವಿಲ್ಲವಂತೆ, ನಿಲ್ಲಿಸಬೇಕಂತೆ. ದೊಡ್ಡ ಊರಿಗೆ ಹೋದ ಮೇಲೆ ಮಾವನ ಹಾಡು ಹುಳಿಯಾಯಿತೇ? ಸಿಟ್ಟಿಲ್ಲ. ಇದೆ, ಆದರೆ ಬರೆಯುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತೆಗೆ ಮಾತ್ರ ಭುಜ ಸ್ವಲ್ಪ ತರಚಿದೆ. ದಿಮ್ಮಿಯ ತುದಿ ಸವರಿಕೊಂಡು ಹೋಯಿತು, ಅಷ್ಟೇ. ನಾನು ಕೂಗಿದ್ದೆ, ಗಂಟಲಿನ ನರ ಉಬ್ಬುವ ಹಾಗೆ ಕೂಗಿದ್ದೆ. ಈಚೆಗೆ ಎಲ್ಲರಿಗೂ ಎರಡೆರಡು ಸಲ ಕೂಗಬೇಕು. ವಯಸ್ಸಾಯಿತಲ್ಲ, ಇವಳಿಗೆ ಕಿವಿ ಮಂದವಾಗಿದೆ ಅಂತ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಯಂತ್ರ ಹಾಕಿ ನೋಡಿ, "ಇವರ ಕಿವಿ ಪರವಾಗಿಲ್ಲ, ನಿಮ್ಮದೂ ಒಮ್ಮೆ ನೋಡ್ಲಾ?" ಅಂದರು. ಡಾಕ್ಟರೂ ಸುಮಾರು.

ಬೊಕ್ಕ ಎರಡು ದಿನದಿಂದ ಕೆಲಸಕ್ಕೆ ಬಂದಿಲ್ಲ. ಹುಷಾರಿಲ್ಲವಂತೆ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುವ ಗಾದೆಯನ್ನು ಅವನಿಗೆ ಹೇಳಿ ಕಳಿಸಿದ್ದೇನೆ.

ನಿನ್ನ ಅತ್ತೆ ಈಗ ಕೆಲಸದ ನಡುನಡುವೆ ಸುಮ್ಮಸುಮ್ಮನೆ ಮೇಲೆ ನೋಡುತ್ತಾಳೆ. ನನ್ನನ್ನು ನೋಡುತ್ತಿದ್ದಾಳೆ ಅಂತ ಕೈ ಬೀಸಿದೆ. ಅವಳು ಬೀಸಲಿಲ್ಲ.

ಇತಿ, ನಿನ್ನ ಮಾವ

*

ಮಾರ್ಚ್ 9

ಮಾವ,

ಭುಜ ಸ್ವಲ್ಪ ಅಂದರೆ ಎಷ್ಟು? ನನಗೆ ತಮಾಷೆ ಬೇಡ. ಅಂದರೆ 27ರ ಪತ್ರ ನಿನ್ನ ಕೈ ಸೇರಿಲ್ಲ. ಫೋನ್ ಮಾಡಿದರೆ ಗುಮಾಸ್ತರು ಇನ್ನೂ ಅದೇ "ಆಯ್ತಮ್ಮ" ಎನ್ನುತ್ತಾರೆ. ಆಫೀಸಿನಲ್ಲಿ ಕೇಳು, ಅವರ ಮೇಜಿನ ಮೇಲೆ ಹುಡುಕು. ಸಿಗದಿದ್ದರೆ ಇಷ್ಟು ಸಾಕು: ಅತ್ತೆಯ ಕಿವಿ ಸರಿಯಾಗಿದೆ. ಬೊಕ್ಕನ ಕಿವಿಯೂ ಸರಿಯಾಗಿದೆ. ನಿನ್ನ ಕೂಗು ಕೆಳಗೆ ಯಾರಿಗೂ ತಲುಪುತ್ತಿಲ್ಲ. ನಂಬದಿದ್ದರೆ ಒಮ್ಮೆ ಕೆಳಗಿಳಿದು ನಿಲ್ಲು.

ಇನ್ನೊಂದು ಬರೆಯಬೇಕು. ಹಾಡುಗಳನ್ನು ಒಂದೊಂದನ್ನೇ ಕೂತು ಮಾಡಿದೆ ಎಂದಿದ್ದೆ, ಸುಳ್ಳು. ಊಟಕ್ಕೆ ಹೋಗುವಾಗ ಎಲ್ಲವನ್ನೂ ಯಂತ್ರಕ್ಕೆ ಒಟ್ಟಿಗೆ ಹಾಕಿ, ಮಾಲೀಕರಿಗೆ ಬೇಕಾದಷ್ಟೇ ಜೋರಿಗೆ ಇಟ್ಟು ಹೋಗಿದ್ದೆ. ವಾಪಸ್ ಬಂದು ಒಂದನ್ನೂ ಕೇಳಲಿಲ್ಲ. ಒಂದು ಹಾಡನ್ನಾದರೂ ಪೂರ್ತಿ ಕೇಳಿದ್ದರೆ ನಿನ್ನ ಜಾಗ ಮುಚ್ಚಿಹೋಗಿದ್ದು ನನಗೆ ಗೊತ್ತಾಗುತ್ತಿತ್ತು.

ಈಗ ಕೆಲಸ ಮಾಡಲು ಕೂತರೆ ಯಾವ ಹಾಡಿನಲ್ಲೂ ಸರಪಳಿ ಕೇಳಿಸುತ್ತದೆ. ಪ್ರತಿ ದಿನ ಅಂಚೆಯವನು ಬಂದಾಗ ಅಮ್ಮನನ್ನು ಕಳಿಸುತ್ತೇನೆ. ನಾನೇ ತೆಗೆದುಕೊಳ್ಳಲು ಧೈರ್ಯ ಸಾಲದು.

ಚೂಟಿ

*

ಮಾರ್ಚ್ 15

ಚೂಟಿ,

ನಿನ್ನ ಎರಡು ಪತ್ರಗಳೂ ಒಂದೇ ದಿನ ಸಿಕ್ಕವು. ಮೊದಲನೆಯದು ಗುಮಾಸ್ತನ ಮೇಜಿನ ಮೇಲೆ ಟೀ ಲೋಟದ ಕೆಳಗಿತ್ತು.

ಓದಿ ನಕ್ಕೆ. ನಿನ್ನ ಅತ್ತೆಗೂ ಓದಿ ಹೇಳಿದೆ, ನಗಲಿ ಅಂತ. ಅವಳು ನಗಲಿಲ್ಲ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ, "ನಂಗೆ ಒಂದು ತಿಂಗಳಿಂದ ನಿಮ್ಮ ದನಿ ಕೇಳಿಸ್ತಿಲ್ಲ" ಅಂದಳು.

"ಮತ್ತೆ ಹೇಳ್ಬಾರ್ದಾ?"

"ಹೇಗೆ ಹೇಳ್ಲಿ? ಮ್ಯಾನೇಜರ್ ಬೆನ್ನು ತಟ್ಟಿದಾರೆ ಅಂತ ಓಣಿಗೆಲ್ಲ ಸಾರ್ಕೊಂಡು ಬಂದ್ರಿ. ನೆರಳು ನೋಡ್ಕೊಂಡು ಸರೀತಿದ್ದೆ. ಮೋಡ ಇದ್ದ ದಿನ ನೆರಳು ಬೀಳಲಿಲ್ಲ. ಆವತ್ತೇ ಭುಜಕ್ಕಾಗಿದ್ದು."

ಮರುದಿನ ಹದ್ದಿಗೆ ಹೇಳಿ, ಒಂದೇ ಒಂದು ದಿಮ್ಮಿ ಕಟ್ಟಿಸಿದೆ. ಬೇರೆ ಎಲ್ಲರನ್ನೂ ಗೋಡೆಯ ಪಕ್ಕಕ್ಕೆ ಕಳಿಸಿದೆ. ಮೈಕನ್ನು ಗುಮಾಸ್ತನ ಕೈಗೆ ಕೊಟ್ಟು, "ನನ್ನಷ್ಟೇ ಜೋರಾಗಿ ಕೂಗು" ಅಂದು ನಾನು ಕೆಳಗಿಳಿದೆ. ನಿನ್ನ ಅತ್ತೆ ನಿಲ್ಲುವ ಜಾಗದಲ್ಲಿ, ಗೆರೆಯ ಒಳಗೆ, ಅವಳ ಸುತ್ತಿಗೆ ಹಿಡಿದು ನಿಂತೆ. ಹಾಡು ಓಡುತ್ತಿತ್ತು. ಕೇಳಿಸಿದ ಕೂಡಲೇ ಸರಿಯುವುದು, ಮೇಲೆ ಬಂದು ನಿನಗೆ ನಾಲ್ಕು ಮಾತು ಬರೆಯುವುದು, ಇದು ನನ್ನ ಲೆಕ್ಕ.

ಕಿವಿ ನೆಟ್ಟಗೆ ಮಾಡಿಕೊಂಡು ನಿಂತೆ. ಹಾಡು ಬಿಟ್ಟು ಬೇರೇನೂ ಇಲ್ಲ. ಇವನು ಇನ್ನೂ ಕೂಗಿಲ್ಲ, ಸೋಮಾರಿ, ಅಂದುಕೊಂಡೆ. ಬೈಯಲು ಗೂಡಿನ ಕಡೆ ತಿರುಗಿದೆ. ಗಾಜಿನ ಹಿಂದೆ ಗುಮಾಸ್ತನ ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿತ್ತು, ನೀರಿನಿಂದ ತೆಗೆದ ಮೀನಿನ ಹಾಗೆ. ಆಗ ಕುತ್ತಿಗೆಗೆ ತಣ್ಣಗೆ ಗಾಳಿ ತಾಗಿತು. ದಿಮ್ಮಿ ಆಗಲೇ ನನ್ನ ಮೇಲಿತ್ತು. ಅದರ ತೊಗಟೆಯಲ್ಲಿ ಇರುವೆಗಳು ಓಡಾಡುತ್ತಿದ್ದದ್ದು ಕಾಣಿಸಿತು ಚೂಟಿ, ಅಷ್ಟು ಹತ್ತಿರ. ಕಾಲು ಕಿತ್ತು ಇಡೋಣ ಅಂದರೆ ಬರಲಿಲ್ಲ. ನಿನ್ನ ಅತ್ತೆ ಓಡಿ ಬಂದು ಅಂಗಿಯ ಕಾಲರ್ ಹಿಡಿದು ಎಳೆದಳು. ತರಚಿದ ಭುಜದ ಕೈಯಲ್ಲೇ ಎಳೆದಳು.

ನಾನು ಅಲ್ಲಿಯೇ ನೆಲದ ಮೇಲೆ ಕೂತೆ. ಬೊಕ್ಕ ನೀರು ತಂದುಕೊಟ್ಟ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಆ ಕೂಡಲೇ ಹೋಗಿ ಹಾಡು ನಿಲ್ಲಿಸಿದೆ. ಸಂಜೆಯೊಳಗೆ ಮ್ಯಾನೇಜರ್ ಮೇಲೆ ಬಂದರು. "ಹಾಡು ಬೇಕು. ಹಾಡು ಬಂದ ಮೇಲೆ ಕೆಲಸ ಜಾಸ್ತಿ ಆಗಿದೆ. ನೀವು ಸ್ವಲ್ಪ ಜೋರಾಗಿ ಕೂಗಿ" ಅಂದರು. ನಾಳೆ ಮತ್ತೆ ಹಾಡು, ಕೆಳಗೆ ಮತ್ತೆ ಅವಳು. "ಕೆಲಸ ಬಿಡು" ಅಂದೆ. "ನೀವು ಬಿಡಿ" ಅಂದಳು. ಏನು ಮಾಡಲಿ, ಬೇಗ ಬರೆ.

ಮಾವ

*

ಮಾರ್ಚ್ 21

ಮಾವ,

ಇದನ್ನು ತ್ವರಿತ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಅತ್ತೆಗೆ ನಮಸ್ಕಾರ ಹೇಳು. ಅವಳ ಕೈ ಹಿಡಿದು ಹೇಳು.

ಹಳೆಯ ಹಾಡುಗಳನ್ನು ಇದ್ದ ಹಾಗೇ ವಾಪಸ್ ಕಳಿಸೋಣ ಎಂದುಕೊಂಡೆ. ಆದರೆ ಹಾಡಿನ ತಗ್ಗಿಗೆ ಜೀವ ಒಪ್ಪಿಸಬಾರದು. ನಾಳೆ ಬೇರೆ ಯಾರೋ ಬೇರೆ ಹಾಡು ಹಾಕುತ್ತಾರೆ. ಮ್ಯಾನೇಜರ್ ಹೇಳಿದ ಹಾಗೆ ಜೋರಾಗಿ ಕೂಗಲೂ ಬೇಡ. ನೀನು ಜೋರು ಮಾಡಿದರೆ ಅವರೂ ಹಾಡನ್ನು ಜೋರು ಮಾಡುತ್ತಾರೆ. ನನ್ನ ಕೆಲಸವೆಲ್ಲ ಹೀಗೇ ನಡೆಯುವುದು, ಇದಕ್ಕೆ ಕೊನೆಯಿಲ್ಲ.

ಅವರಿಗೆ ಹಾಡು ಬೇಕು ತಾನೇ, ಇರಲಿ. ದಿಮ್ಮಿ ಏಳುವ ಮುಂಚೆ ಹಾಡನ್ನು ಪೂರ್ತಿ ನಿಲ್ಲಿಸು. ಕೂಗಬೇಡ. ಇಡೀ ದಿನ ಗದ್ದಲದಲ್ಲಿ ಇರುವವರಿಗೆ ಗದ್ದಲ ಕೇಳಿಸುವುದಿಲ್ಲ, ಅದು ನಿಂತದ್ದು ಕೇಳಿಸುತ್ತದೆ. ಹಾಡು ನಿಂತರೆ ಸರಿಯಬೇಕು, ಎಲ್ಲರೂ ಸರಿದಿದ್ದು ನಿನ್ನ ಕಣ್ಣಿಗೆ ಕಾಣಬೇಕು, ಆಮೇಲೆ ಹದ್ದಿಗೆ ಕೈ ತೋರಿಸಬೇಕು.

ನಿನಗೆ ಇದು ಕಷ್ಟ ಎಂದು ಗೊತ್ತು. ಆ ಕೂಗು ನಿನ್ನದು.

ಚೂಟಿ

*

ಏಪ್ರಿಲ್ 18

ಚೂಟಿಗೆ ಮಾವನ ಆಶೀರ್ವಾದ.

ನಿನ್ನ ಅತ್ತೆಯ ಭುಜ ವಾಸಿಯಾಗಿದೆ. ನೀನು ಹೇಳಿದ ಹಾಗೆಯೇ ನಡೆಯುತ್ತಿದೆ. ನನ್ನ ಬುದ್ಧಿಯೂ ಸ್ವಲ್ಪ ಸೇರಿಸಿದ್ದೇನೆ: ಹೊಲಿಗೆ ಯಂತ್ರದ ಹಳೆಯ ಪೆಡಲ್ ತಂದು ಸ್ವಿಚ್ ಮಾಡಿಸಿಕೊಂಡೆ. ಕಾಲಿನಲ್ಲಿ ಒತ್ತಿದರೆ ಹಾಡು ನಿಲ್ಲುತ್ತದೆ. ನಿಂತ ಕೂಡಲೇ ಅಷ್ಟೂ ಜನ ತಲೆ ಎತ್ತಿ ಗೆರೆ ದಾಟುತ್ತಾರೆ. ಕೂಗಿ ಕೂಗಿ ಆಗದ್ದು ಕಾಲಿನ ಹೆಬ್ಬೆರಳಿನಿಂದ ಆಗುತ್ತಿದೆ. ಮ್ಯಾನೇಜರ್, "ಇದನ್ನ ಮೊದಲೇ ಮಾಡ್ಬಾರ್ದಿತ್ತಾ?" ಅಂದರು. ಬಾಯಿಗೆ ಬಂದದ್ದನ್ನು ನುಂಗಿದೆ. ಮೈಕು ಈಗ ಗೂಡಿನಲ್ಲಿ ಸುಮ್ಮನೆ ಕೂತಿದೆ, ನಾನೂ ಅದರ ಜೊತೆ.

ಆದರೆ ಹೆದರಿಕೆ ಹೋಗಿಲ್ಲ. ಎಲ್ಲಿ ಸದ್ದು ನಿಂತರೂ ನನ್ನ ತಲೆ ತಾನಾಗಿ ಮೇಲೆ ಹೋಗುತ್ತದೆ. ಕ್ಷೌರದ ಅಂಗಡಿಯಲ್ಲಿ ರೇಡಿಯೋ ನಿಂತಿತು, ಬ್ಲೇಡು ಕೆನ್ನೆಯ ಮೇಲಿದ್ದಾಗಲೇ ಕುರ್ಚಿ ಬಿಟ್ಟು ಎದ್ದೆ. ಗುರುತು ಇನ್ನೂ ಇದೆ. ಜನ ಕೇಳಿದರೆ ಚಿರತೆಯ ಜೊತೆ ಹೋರಾಡಿದೆ ಅನ್ನುತ್ತೇನೆ.

ನಿನ್ನೆ ಕರೆಂಟು ಹೋಯಿತು. ಹಾಡನ್ನು ನಾನು ಆಗಲೇ ಕಾಲಿನಲ್ಲಿ ನಿಲ್ಲಿಸಿದ್ದೆ, ಈಗ ಗರಗಸ ನಿಂತಿತು, ಕ್ರೇನೂ ನಿಂತಿತು. ಹದ್ದು ದಿಮ್ಮಿಯನ್ನು ಅರ್ಧ ಎತ್ತಿದ್ದ, ಅದು ಅಲ್ಲೇ ಗಾಳಿಯಲ್ಲಿ ನೇತುಬಿತ್ತು. ಕೆಳಗಿನವರೆಲ್ಲ ಗೋಡೆಗೆ ಅಂಟಿಕೊಂಡು ಮೇಲೆ ನೋಡುತ್ತ ನಿಂತರು. ಯಾರೂ ಅಲುಗಾಡಲಿಲ್ಲ. ನಾನು ಮೈಕು ಎತ್ತಿಕೊಂಡೆ, ಅದೂ ಸತ್ತಿತ್ತು. ಈ ಅಂಗಳ ಇಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ನೇತಾಡುವ ದಿಮ್ಮಿಯ ಸರಪಳಿ ಒಂದೊಂದೇ ಕೊಂಡಿ ಸಡಿಲಿಸಿಕೊಳ್ಳುವ ಹಾಗೆ ಕಿರುಗುಟ್ಟುತ್ತಿತ್ತು.

ಆಗ ಕೆಳಗಿನಿಂದ ನಿನ್ನ ಅತ್ತೆ, ಅಡುಗೆ ಮನೆಯಲ್ಲಿ ಮಾತಾಡುವಷ್ಟೇ ಮೆಲ್ಲಗೆ, "ಏನೂಂದ್ರೆ, ಅದು ಗಟ್ಟಿಯಾಗಿ ನಿಂತಿದೆಯಾ?" ಅಂದಳು.

ಇಷ್ಟು ವರ್ಷದಲ್ಲಿ ಆ ಗೂಡಿನೊಳಗೆ ಅವಳ ದನಿ ನನಗೆ ಕೇಳಿಸಿದ್ದು ಅದೇ ಮೊದಲು.

"ನಿಂತಿದೆ, ಬರಬೇಡ" ಅಂದೆ. ಕೂಗಲಿಲ್ಲ, ಬರೀ ಅಂದೆ. ಅವಳಿಗೆ ಕೇಳಿಸಿತು. "ಹೂಂ" ಅಂದಳು. ಆ ಹೂಂ ಕೂಡ ನನ್ನ ತನಕ ಬಂತು.

ಅವಳು ಗೋಡೆಯ ಹತ್ತಿರ, ನಾನು ಗಾಜಿನ ಹತ್ತಿರ. ನಾನು ಪೆಡಲಿನಿಂದ ಕಾಲು ತೆಗೆಯದೆ, ಕರೆಂಟು ಬಂದು ಎಲ್ಲಿ ಮತ್ತೆ ಅವಳ ದನಿ ಮುಳುಗಿಹೋಗುತ್ತದೋ ಅಂತ ಹೆದರಿಕೊಂಡು ನಿಂತಿದ್ದೆ.

ಇತಿ, ನಿನ್ನ ಮಾವ